ಉಸುಕು ಸರಿಯುವ ಹೊಳೆಯಲ್ಲಿ ಹರಿಗೋಲಿಗೆ ಆಳ ನೋಡುವ ಕ್ರಮ

ಮಳೆಗಾಲ ಮುಗಿದು ಅಣೆಕಟ್ಟೆಯ ಗೇಟುಗಳು ಮುಚ್ಚಿದ ಮೇಲೆ ತುಂಗಭದ್ರೆಯಲ್ಲೂ ಕೃಷ್ಣೆಯಲ್ಲೂ ಉಸುಕಿನ ದಿಬ್ಬಗಳು ತಲೆ ಎತ್ತುತ್ತವೆ. ಆದರೆ ಹೋದ ವರ್ಷ ಇದ್ದ ಜಾಗದಲ್ಲೇ ಅವು ಏಳುವುದಿಲ್ಲ. ಆನೆಗೊಂದಿಯ ಸುತ್ತಮುತ್ತ ಹೊಳೆಯಲ್ಲಿ ಕಲ್ಲುಬಂಡೆಗಳೇ ಹೆಚ್ಚು, ಅಲ್ಲಿ ಬಂಡೆಯ ನೆಲೆ ಒಮ್ಮೆ ತಿಳಿದರೆ ಆಯಿತು. ಕಂಪ್ಲಿಯಿಂದ ಕೆಳಗೆ ಸಿರುಗುಪ್ಪ, ಮಾನ್ವಿ ಸೀಮೆಯಲ್ಲಿ ಮತ್ತು ಕೃಷ್ಣೆಯ ಮೇಲಿನ ದೇವದುರ್ಗ, ರಾಯಚೂರು ತಾಲ್ಲೂಕುಗಳಲ್ಲಿ ಉಸುಕು ಹೆಚ್ಚಿರುವ ಕಡೆ, ದಾಟುವ ದಾರಿಯನ್ನು ಪ್ರತಿ ವರ್ಷವೂ, ಕೆಲವೊಮ್ಮೆ ಪ್ರತಿ ವಾರವೂ, ಹೊಸದಾಗಿ ಹುಡುಕಬೇಕಾಗುತ್ತದೆ. ಕುರ್ವಕಲಾ, ಕುರ್ವಕುರ್ದಾ ನಡುಗಡ್ಡೆಗಳ ಜನ ಹರಿಗೋಲನ್ನೇ ನಂಬಿ ಹೊಳೆ ದಾಟುತ್ತ ಬಂದವರು. ಇಂಥವರಿಗೆ ಆಳ ನೋಡುವುದು ದಿನದ ಅಗತ್ಯ.

ಮೊದಲು ನೋಡಬೇಕಾದದ್ದು ನೀರಿನ ಮಟ್ಟ. ಕರಾವಳಿಯ ಅಳಿವೆಗಳಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ ಬರುತ್ತದೆ, ಅದರ ಹೊತ್ತು ಮೊದಲೇ ಗೊತ್ತಿರುತ್ತದೆ, ಆದ್ದರಿಂದ ಅಲ್ಲಿನವರು ಉಬ್ಬರ ಏರುತ್ತಿರುವಾಗ ಮರಳಿನ ನಡುವಿನ ಕಾಲುವೆಯೊಳಗೆ ಹೋಗುತ್ತಾರೆ. ದೋಣಿ ತಳಕ್ಕೆ ತಾಗಿದರೂ ಏರುವ ನೀರು ಅದನ್ನು ಎತ್ತಿಕೊಡುತ್ತದೆ. ನಮ್ಮ ಹೊಳೆಗಳ ಮಟ್ಟ ನಾರಾಯಣಪುರದ ಮತ್ತು ತುಂಗಭದ್ರಾ ಜಲಾಶಯದ ಗೇಟುಗಳನ್ನು ಅವಲಂಬಿಸಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದಾಗ, ಯಾರೂ ಎಣಿಸದ ಹೊತ್ತಿನಲ್ಲಿ ಹೊಳೆಗೆ ನೀರು ನುಗ್ಗಿತು. ಆದ್ದರಿಂದ ನೀರು ಬಿಡುವ ಸೂಚನೆ ಇದೆಯೇ ಎಂದು ವಿಚಾರಿಸದೆ, ಸೂಚನೆ ಇದ್ದಾಗ ಅದನ್ನು ಮೀರಿ, ಹೊಳೆಗೆ ಇಳಿಯಲೇಬಾರದು.

ದಡದ ಹತ್ತಿರ ಸೆಳವು ಇಲ್ಲದ ನೀರಿನಲ್ಲಿ ಅಡಿ, ಅಂಗುಲ ಗುರುತು ಹಾಕಿದ ಒಂದು ಕೋಲನ್ನು ಅಲುಗಾಡದಂತೆ ನೆಡಿರಿ. ಹೊರಡುವ ಮೊದಲು ಮತ್ತು ಬಂದ ಮೇಲೆ ಅದರ ಮಟ್ಟವನ್ನು ಬರೆದಿಡಿರಿ. ಈ ಮಟ್ಟದ ಜೊತೆ ಬರೆಯದ ಆಳದ ಅಳತೆ ನಾಳೆಗೆ ಉಪಯೋಗಕ್ಕೆ ಬಾರದು. ಉದಾಹರಣೆಗೆ, ಕೋಲು 4 ಅಡಿ ತೋರಿಸುವಾಗ ಒಂದು ಕಡೆ 3 ಅಡಿ ಆಳ ಸಿಕ್ಕಿತ್ತು ಎನ್ನೋಣ. ಕೋಲು ಎರಡೂವರೆ ಅಡಿಗೆ ಇಳಿದ ದಿನ ಅಲ್ಲಿ ಒಂದೂವರೆ ಅಡಿಯಷ್ಟೇ ಉಳಿದಿರುತ್ತದೆ, ಅದೂ ತಳದ ಉಸುಕು ಸರಿಯದೆ ಇದ್ದರೆ. ನೀವು ನೋಡುತ್ತಿರುವಾಗಲೇ ಮಟ್ಟ ಬೇಗ ಬೇಗ ಏರತೊಡಗಿದರೆ ಕೆಲಸ ಬಿಟ್ಟು ದಡ ಸೇರಿರಿ.

ಅಳೆಯಲು ಹನ್ನೆರಡು ಅಡಿಯ ನೇರವಾದ ಬಿದಿರಿನ ಗಳ ಸಾಕು. ಅರ್ಧ ಅಡಿಗೊಂದು ಬಣ್ಣದ ಪಟ್ಟಿ ಬಳಿದು, ಬುಡಕ್ಕೆ ಅಂಗೈ ಅಗಲದ ಕಟ್ಟಿಗೆಯ ಬಿಲ್ಲೆ ಬಡಿಯಿರಿ. ಬಿಲ್ಲೆ ಇಲ್ಲದ ಗಳ ಸಡಿಲ ಉಸುಕಿನೊಳಗೆ ಇಳಿದು ಇಲ್ಲದ ಆಳವನ್ನು ತೋರಿಸುತ್ತದೆ. ಗಳ ವಾಲಿದರೂ ಇದೇ ತಪ್ಪು ಆಗುತ್ತದೆ: ಓರೆಯಾದ ಗಳದ ಅಳತೆ ನಿಜವಾದ ಆಳಕ್ಕಿಂತ ಯಾವಾಗಲೂ ಹೆಚ್ಚು. ಹರಿಗೋಲನ್ನು ಸೆಳವಿನ ಜೊತೆ ತೇಲಲು ಬಿಟ್ಟಾಗ ಗಳ ಸುಲಭವಾಗಿ ನೆಟ್ಟಗೆ ನಿಲ್ಲುತ್ತದೆ. ಹರಿಗೋಲನ್ನು ತಡೆದು ನಿಲ್ಲಿಸಿದ್ದರೆ ಗಳದ ತುದಿಯನ್ನು ಸ್ವಲ್ಪ ಮೇಲ್ಹೊಳೆಯ ಕಡೆಗೆ ಇಳಿಸಿ, ಅದು ನೆಟ್ಟಗಾಗುವ ಕ್ಷಣದಲ್ಲಿ ಓದಿಕೊಳ್ಳಿರಿ. ತಳ ಎಂಥದ್ದೆಂಬುದನ್ನೂ ಗಳವೇ ಕೈಗೆ ತಿಳಿಸುತ್ತದೆ. ಉಸುಕಾದರೆ ಕರಕರ ಎನ್ನುತ್ತದೆ, ಕೆಸರಾದರೆ ಹಿಡಿದು ಎಳೆಯುತ್ತದೆ, ಕಲ್ಲಾದರೆ ಠಕ್ಕೆಂದು ಬಡಿಯುತ್ತದೆ. ಗಳಕ್ಕೆ ಎಟುಕದ ಮಡುವಿನಲ್ಲಿ ಗುಂಡು ಕಟ್ಟಿದ ಹಗ್ಗ ಬಿಡಬಹುದು. ಗುಂಡಿನ ಬುಡಕ್ಕೆ ಗ್ರೀಸ್ ಸವರಿದ್ದರೆ ತಳದ ಉಸುಕು ಅದಕ್ಕೆ ಅಂಟಿಕೊಂಡು ಮೇಲೆ ಬರುತ್ತದೆ. ಹಗ್ಗವನ್ನು ನೆನೆಸಿದ ಮೇಲೆಯೇ ಗುರುತು ಕಟ್ಟಬೇಕು, ಏಕೆಂದರೆ ಒಣಗಿದ್ದಾಗಿನ ಉದ್ದ ನೀರಿನಲ್ಲಿ ಹಾಗೆಯೇ ಉಳಿಯುವುದಿಲ್ಲ. ಯಂತ್ರದಿಂದ ಅಳೆಯುವವರು ಅದು ತನ್ನ ಸಂವೇದಕದಿಂದ ಕೆಳಗಿನ ಆಳವನ್ನು ತೋರಿಸುತ್ತಿದೆಯೋ, ನೀರಿನ ಮೇಲ್ಮೈಯಿಂದಲೋ ಎಂದು ಮೊದಲು ಗಳದಿಂದ ಪರೀಕ್ಷಿಸಿಕೊಳ್ಳಬೇಕು. ತೀರ ಕಡಿಮೆ ನೀರಿನಲ್ಲಿ ಅದನ್ನು ನೆಚ್ಚುವಂತಿಲ್ಲ.

ಆಳದ ನೀರು ಸಾಮಾನ್ಯವಾಗಿ ಹೊಳೆ ತಿರುಗುವ ಕಡೆ ಹೊರದಂಡೆಯನ್ನು ಹಿಡಿದು ಹೋಗುತ್ತದೆ, ಒಳದಂಡೆಗೆ ಉಸುಕು ಸೇರುತ್ತದೆ. ಒಂದು ತಿರುವಿನಿಂದ ಮುಂದಿನ ತಿರುವಿಗೆ ಸೆಳವು ಅಡ್ಡಹಾಯುವ ಜಾಗವೇ ಹೆಚ್ಚಾಗಿ ತೆಳುವಾಗಿರುವುದರಿಂದ ಹೆಚ್ಚು ಅಳತೆಗಳನ್ನು ಅಲ್ಲಿ ತೆಗೆದುಕೊಳ್ಳಬೇಕು. ಗಾಳಿ ಏಳುವ ಮೊದಲು, ಬೆಳಗಿನಲ್ಲಿ, ಸಣ್ಣ ಅಲೆಗಳು ಒತ್ತೊತ್ತಾಗಿ ಮಿನುಗುವ ಕಡೆ ನೀರು ತೆಳುವಾಗಿದೆಯೆಂದು ಊಹಿಸಬಹುದು. ಗಾಳಿ ಬಿಟ್ಟ ಮೇಲೆ ಹೊಳೆಯೆಲ್ಲ ಒಂದೇ ತರಹ ಕಾಣುವುದರಿಂದ ಕಣ್ಣನ್ನು ನಂಬಬಾರದು.

ದಿಬ್ಬದ ಆಕಾರವನ್ನು ಎಲ್ಲಕ್ಕಿಂತ ಚೆನ್ನಾಗಿ ಅರಿತಿರಬೇಕು. ಮೇಲ್ಹೊಳೆಯ ಕಡೆ ಅದು ನಿಧಾನವಾಗಿ ಏರುತ್ತದೆ, ಕೆಳಹೊಳೆಯ ಕಡೆ ಕಡಿದಾಗಿ ಬೀಳುತ್ತದೆ. ಸೆಳವಿನ ಜೊತೆ ಬರುವವರಿಗೆ ಆಳ ಸ್ವಲ್ಪ ಸ್ವಲ್ಪವೇ ಕಡಿಮೆಯಾಗಿ ಮುನ್ಸೂಚನೆ ಸಿಗುತ್ತದೆ; ಕೆಳಗಿನಿಂದ ಮೇಲೆ ಬರುವವರಿಗೆ ಗೋಡೆಯೇ ಎದುರಾಗುತ್ತದೆ. ಹರಿಗೋಲು ತಾಗಿತೆಂದು ತಳ್ಳಲು ಇಳಿದವರು ಈ ಕಡಿದಾದ ಅಂಚಿನಲ್ಲಿ ಕಾಲಿಟ್ಟರೆ ಉಸುಕು ಕುಸಿದು ಒಮ್ಮೆಲೇ ಆಳಕ್ಕೆ ಹೋಗುತ್ತಾರೆ. ಉಸುಕು ತೆಗೆದ ಗುಂಡಿಗಳು ಇದಕ್ಕಿಂತ ಘೋರ: ಮೇಲೆ ಸುಳಿವಿಲ್ಲ, ಅಂಚು ನೆಟ್ಟಗೆ ಕಡಿದಿರುತ್ತದೆ, ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳು ಮುಳುಗುವಷ್ಟು ಆಳವಿರುತ್ತದೆ. ಯಾವ ಕಡೆ ಇಳಿಯುತ್ತೀರೋ ಆ ಕಡೆ ಗಳ ಇಟ್ಟು ನೋಡದೆ ಯಾರೂ ಇಳಿಯಕೂಡದು. ಜೀವರಕ್ಷಕ ಜಾಕೆಟ್ ತೊಡದೆ ಹರಿಗೋಲು ಹತ್ತಲೂಕೂಡದು.

ಕೆಲಸಕ್ಕೆ ಮೂವರು ಬೇಕು: ಒಬ್ಬರು ಹುಟ್ಟು ಹಾಕಲು, ಒಬ್ಬರು ಗಳ ಇಟ್ಟು ಅಳತೆಯನ್ನು ಕೂಗಿ ಹೇಳಲು, ಒಬ್ಬರು ಬರೆಯಲು. ಮೇಲ್ಹೊಳೆಯಿಂದ ಶುರುಮಾಡಿ, ದಂಡೆಯಿಂದ ದಂಡೆಗೆ ಓರೆಯಾಗಿ ಸಾಗುತ್ತ ಅಳೆಯಿರಿ. ಸತತ ಎರಡು ಅಳತೆಗಳು ಕಡಿಮೆಯಾದರೆ ಆಳ ಹೆಚ್ಚಿದ್ದ ಕಡೆಗೆ ತಿರುಗಿರಿ. ಹರಿಗೋಲು ಸುತ್ತುವುದರಿಂದ ದಿಕ್ಕು ತಪ್ಪುವುದು ಸಹಜ, ಹಾಗಾಗಿ ಗುಡಿಯ ಗೋಪುರ ಮತ್ತು ಅದರ ಹಿಂದಿನ ಗುಡ್ಡದ ಬಂಡೆ ಒಂದೇ ಗೆರೆಯಲ್ಲಿ ಕಾಣುವಂಥ ಎರಡೆರಡು ಗುರುತುಗಳನ್ನು ಬರೆದುಕೊಳ್ಳಿರಿ. ಮೊಬೈಲ್ ತೋರಿಸುವ ನೆಲೆ ಕೆಲವು ಮೀಟರ್ ಆಚೀಚೆ ಇರಬಹುದಾದ್ದರಿಂದ ಕಿರಿದಾದ ದಾರಿಗೆ ಅದೊಂದೇ ಸಾಲದು. ಜನ, ಸಾಮಾನು ತುಂಬಿದ ಹರಿಗೋಲು ನೀರಿನಲ್ಲಿ ಎಷ್ಟು ಮುಳುಗುತ್ತದೆಂದು ದಡದಲ್ಲೇ ಅಳೆದು, ಅದರ ಮೇಲೆ ಕನಿಷ್ಠ ಒಂದು ಅಡಿ ಹೆಚ್ಚು ನೀರಿರುವ ದಾರಿಯನ್ನಷ್ಟೇ ಆರಿಸಿಕೊಳ್ಳಿರಿ.

ದಾರಿ ಸಿಕ್ಕ ಮೇಲೆ ಅದರ ಎರಡೂ ಅಂಚಿಗೆ ಬಟ್ಟೆ ಕಟ್ಟಿದ ಕಡ್ಡಿಗಳನ್ನು ನೆಟ್ಟು, ಮಟ್ಟವನ್ನೂ ದಿನಾಂಕವನ್ನೂ ಬರೆದಿಡಿರಿ. ಗೇಟು ತೆರೆದು ಹೊಳೆ ಒಮ್ಮೆ ತುಂಬಿ ಇಳಿದ ಮೇಲೆ ಉಳಿದ ಹಳೆಯ ಕಡ್ಡಿಗಳನ್ನೆಲ್ಲ ಮೊದಲು ಕಿತ್ತುಹಾಕಿ, ಅಳತೆಯನ್ನು ಮತ್ತೆ ಮೇಲ್ಹೊಳೆಯಿಂದಲೇ ಶುರುಮಾಡಿರಿ.