ಚದರಡಿ ಬಿಟ್ಟು ಶೀಟ್ ಎಣಿಸಿದ್ದು: ನಮ್ಮನೆ ಕಬೋರ್ಡ್ ಖರ್ಚಿನ ಕಥೆ

ಕೆಂಗೇರಿ ಉಪನಗರದ ನಮ್ಮ ಫ್ಲ್ಯಾಟ್ ಕೈಗೆ ಬಂದಿದ್ದು 2023ರ ಜನವರಿಯಲ್ಲಿ. ಎರಡು ಬೆಡ್‌ರೂಮು, ಒಂದು ಹಾಲ್, ಅಡುಗೆಮನೆ. ಬಟ್ಟೆ ನೇತು ಹಾಕಲು ಒಂದು ಮೊಳೆ ಕೂಡ ಇರಲಿಲ್ಲ. ಎರಡು ವಾರ್ಡ್‌ರೋಬ್, ಅವುಗಳ ಮೇಲೆ ಲಾಫ್ಟ್, ಅಡುಗೆಮನೆಗೆ ಕೆಳಗೂ ಮೇಲೂ ಕಬೋರ್ಡ್, ಅಲ್ಲಿನ ಕಾಂಕ್ರೀಟ್ ಅಟ್ಟಕ್ಕೆ ಬಾಗಿಲು, ಚಪ್ಪಲಿಗೆ ಒಂದು ಗೂಡು. ಆಗಬೇಕಾಗಿದ್ದು ಇಷ್ಟೇ. ಟಿವಿ ಯೂನಿಟ್ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆವು.

ಮೂರು ಕಡೆ ರೇಟ್ ಕೇಳಿದೆ. ಫ್ಯಾಕ್ಟರಿಯಲ್ಲಿ ಮಾಡಿ ತಂದು ಕೂರಿಸುವ ಮಾಡ್ಯುಲರ್ ಕಂಪನಿಯವರು ನಾಲ್ಕು ಲಕ್ಷ ನಲವತ್ತು ಸಾವಿರ ಹೇಳಿದರು. ಅದರ ಮೇಲೆ 18% ಜಿಎಸ್‌ಟಿ. ಅಲ್ಲಿಗೆ ಐದು ಲಕ್ಷ ದಾಟಿತು. ಎರಡನೆಯವರು ಏರಿಯಾದ ಇಂಟೀರಿಯರ್ ಕಂಟ್ರಾಕ್ಟರ್, ಮೆಟೀರಿಯಲ್ ಸೇರಿ ಚದರಡಿಗೆ 1,450. ಮೂರನೆಯವರು ಮಾಗಡಿ ಕಡೆಯ ಆಚಾರ್ರು. ಮಾವನ ಮನೆ ಬಾಗಿಲು ಮಾಡಿದವರು. ಸಾಮಾನು ನಮ್ಮದು, ಕೂಲಿ ಚದರಡಿಗೆ 420.

ಅಳತೆ ಹಾಕಿದರೆ ಒಟ್ಟು 210.5 ಚದರಡಿ. ಕಂಟ್ರಾಕ್ಟರ್ ಲೆಕ್ಕದಲ್ಲಿ 3,05,225. ನಾನು ಅಕೌಂಟ್ಸ್ ಕೆಲಸದವನು. ಕಂಪನಿಗಿಂತ ಎರಡು ಲಕ್ಷ ಕಮ್ಮಿ, ಇವರಿಗೇ ಕೊಟ್ಟುಬಿಡೋಣ ಅಂತ ಒಂದು ಸಂಜೆ ನಿರ್ಧಾರವೂ ಆಗಿತ್ತು. ಮಾರನೇ ದಿನ ಅಳತೆಯ ಚೀಟಿಯನ್ನು ಇನ್ನೊಮ್ಮೆ ನೋಡಿದಾಗ ಒಂದು ಸಾಲು ಕಣ್ಣಿಗೆ ಚುಚ್ಚಿತು. ಅಡುಗೆಮನೆ ಅಟ್ಟ: 10 ಅಡಿ ಅಗಲ, 2 ಅಡಿ ಎತ್ತರ, 20 ಚದರಡಿ, 29,000 ರೂಪಾಯಿ. ಅಲ್ಲಿ ಡಬ್ಬವೇ, ಅಂದರೆ ಬಾಗಿಲ ಹಿಂದಿನ ಪ್ಲೈವುಡ್ ಪೆಟ್ಟಿಗೆಯೇ ಇಲ್ಲ. ಬಿಲ್ಡರ್ ಹಾಕಿದ ಕಾಂಕ್ರೀಟ್ ಹಲಗೆಯೇ ಡಬ್ಬ. ಬೇಕಾಗಿದ್ದು ಆರು ಪುಟ್ಟ ಬಾಗಿಲು. ಅದಕ್ಕೂ ವಾರ್ಡ್‌ರೋಬಿಗೂ ಒಂದೇ ರೇಟು!

ಇಲ್ಲೊಂದು ವಿಷಯ ಗೊತ್ತಿರಬೇಕು. ಚದರಡಿ ಅಂತ ಇವರು ಅಳೆಯುವುದು ಮುಂಭಾಗವನ್ನು ಮಾತ್ರ. ಅಗಲ ಗುಣಿಸು ಎತ್ತರ, ಮುಗೀತು. ಒಳಗೆ ಎಷ್ಟು ಶೆಲ್ಫ್, ಎಷ್ಟು ಡ್ರಾಯರ್, ಆಳ ಎಷ್ಟು, ಹಿಂದೆ ಏನು ಹೊಡೀತಾರೆ, ಯಾವುದೂ ಆ ಸಂಖ್ಯೆಯಲ್ಲಿಲ್ಲ. ದುಡ್ಡು ಖರ್ಚಾಗುವುದು ಒಳಗೆ, ಅಳೆಯುವುದು ಹೊರಗೆ.

ಕಂಟ್ರಾಕ್ಟರನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದೆ. 1,450ಕ್ಕೆ ಯಾವ ಪ್ಲೈವುಡ್? 'ಕಮರ್ಷಿಯಲ್ ಸಾರ್, ಎಲ್ಲರೂ ಅದನ್ನೇ ಹಾಕಿಸೋದು.' ಅಂದರೆ ನೀರಿಗೆ ಅಷ್ಟಾಗಿ ತಡೆಯದ ಮಾಮೂಲಿ ದರ್ಜೆ. ಒಳಗೆ ಲ್ಯಾಮಿನೇಟ್, ಅಂದರೆ ಪ್ಲೈವುಡ್ ಮೇಲೆ ಅಂಟಿಸುವ ತೆಳು ಹೊದಿಕೆ ಶೀಟ್? 'ಒಳಗೆ ಪೇಂಟ್. ಲ್ಯಾಮಿನೇಟ್ ಬೇಕಂದ್ರೆ ಚದರಡಿಗೆ ನೂರೈವತ್ತು ಜಾಸ್ತಿ.' ಡ್ರಾಯರ್? 'ಅದು ಬೇರೆ ಸಾರ್.' ಎಲ್ಲ ಸೇರಿಸಿ ಕೂಡಿದಾಗ ಮೂರು ಮುಕ್ಕಾಲು ಲಕ್ಷ ದಾಟಿತು. ಅವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರ ಕೊಟ್ಟರು. ಕೇಳದೆ ಇದ್ದಿದ್ದರೆ ಹೇಳುತ್ತಿರಲಿಲ್ಲ, ಅಷ್ಟೇ.

ಹೀಗೆ ಕೆಲಸ ಆಚಾರ್ರ ಕೈಗೆ ಬಂತು. ಅಟ್ಟದ ಬಾಗಿಲಿಗೆ 420 ಕೊಡಲ್ಲ ಅಂತ ನಾನು. 'ಬಾಗಿಲೇ ತಾನೆ ಸಾರ್ ನಿಜವಾದ ಕೆಲ್ಸ, ಡಬ್ಬ ಯಾರ್ ಬೇಕಾದ್ರೂ ಹೊಡೀತಾರೆ' ಅಂತ ಅವರು. ಮಾತು ನಿಜವೇ. ಆದರೂ ಕಾಫಿ ಮುಗಿಯುವ ಹೊತ್ತಿಗೆ ಆ 20 ಚದರಡಿಗೆ 250ಕ್ಕೆ ಒಪ್ಪಿದರು.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಅವರು ವಾರ್ಡ್‌ರೋಬ್ ಬರೆದು ತೋರಿಸಿದ ಸಂಜೆ ನನಗೆ ಇನ್ನೂ ನೆನಪಿದೆ. ದೊಡ್ಡ ಬೆಡ್‌ರೂಮಿನದು 7 ಅಡಿಗೆ 7 ಅಡಿ, ಅಂದರೆ ಮುಂಭಾಗ 49 ಚದರಡಿ. ಮೂರು ಖಾನೆ ಬೇಕಾದರೆ ನಾಲ್ಕು ಉದ್ದ ಹಲಗೆ ನಿಲ್ಲಿಸಬೇಕು. ತಲಾ 7 ಅಡಿ ಉದ್ದ, 2 ಅಡಿ ಆಳ, ಅಲ್ಲಿಗೆ 56 ಚದರಡಿ. ಮೇಲೆ, ಕೆಳಗೆ ಸೇರಿ 28. ಒಂಬತ್ತು ಶೆಲ್ಫ್‌ಗೆ ಸುಮಾರು 40. ಬಾಗಿಲು 49. ಕೆಳಗಿನ ಪಟ್ಟಿಗೆ 2. ಕೂಡಿದರೆ 175. ಅಂದರೆ 49 ಚದರಡಿಯ ವಾರ್ಡ್‌ರೋಬಿಗೆ ಅದರ ಮೂರೂವರೆ ಪಟ್ಟು 18 ಮಿ.ಮೀ. ಪ್ಲೈವುಡ್ ಬೇಕು! ಒಂದು ಶೀಟ್ 8 ಅಡಿಗೆ 4 ಅಡಿ, 32 ಚದರಡಿ. ವೇಸ್ಟ್ ಸೇರಿಸಿ ಏಳು ಶೀಟ್. ಹಿಂಭಾಗದ 6 ಮಿ.ಮೀ. ಹಲಗೆ, ಡ್ರಾಯರಿನ 12 ಮಿ.ಮೀ. ಹಲಗೆ ಇದರ ಹೊರಗೆ. ಅದೇ ಅಟ್ಟದ 20 ಚದರಡಿಗೆ ಒಂದೇ ಶೀಟ್ ಸಾಕು.

ಆ ರಾತ್ರಿ ಹಳೇ ಡೈರಿಯಲ್ಲಿ ಪ್ರತಿಯೊಂದು ಕಬೋರ್ಡಿಗೂ ಒಂದೊಂದು ಪುಟ ಮಾಡಿದೆ. ಚದರಡಿ ಲೆಕ್ಕ ಅಲ್ಲಿಗೆ ಬಿಟ್ಟೆ, ಶೀಟ್ ಲೆಕ್ಕ ಹಿಡಿದೆ.

ಶೀಟ್ ಲೆಕ್ಕ ಹಿಡಿದ ಮೇಲೆ ಡಿಸೈನೇ ಬದಲಾಯಿತು. ನನ್ನ ಹೆಂಡತಿಗೆ ವಾರ್ಡ್‌ರೋಬಿನ ಆಳ 26 ಇಂಚು ಬೇಕಿತ್ತು, ದೊಡ್ಡ ಸೂಟ್‌ಕೇಸ್ ಒಳಗೆ ಹೋಗಲಿ ಅಂತ. ಆಚಾರ್ರು ತಲೆ ಕೆರೆದುಕೊಂಡರು. 'ಅಕ್ಕ, 4 ಅಡಿ ಅಗಲದ ಶೀಟನ್ನ ಉದ್ದಕ್ಕೆ ಸೀಳಿದ್ರೆ ಎರಡು ಅಡಿದು ಎರಡು ಪಟ್ಟಿ ಸಿಗ್ತವೆ. ಬ್ಲೇಡು ಒಂಚೂರು ತಿನ್ನುತ್ತೆ, 24ಕ್ಕೆ ಸ್ವಲ್ಪ ಕಮ್ಮಿ. ನೀವು 26 ಅಂದ್ರೆ ಒಂದು ಶೀಟಲ್ಲಿ ಒಂದೇ ಪಟ್ಟಿ.' ನಾಲ್ಕು ಉದ್ದ ಹಲಗೆಗೆ ಎರಡು ಶೀಟ್ ಸಾಕಿದ್ದ ಕಡೆ ನಾಲ್ಕು ಬೇಕು. ಉಳಿಯುವ 22 ಇಂಚಿನ ಪಟ್ಟಿಯನ್ನು ಶೆಲ್ಫ್ ಮಾಡಬಹುದು. ಆದರೆ ಹಿಂದೆ ಮೂರ್ನಾಲ್ಕು ಇಂಚು ಸಂದಿ, ಸಾಕ್ಸ್ ಎಲ್ಲ ಅಲ್ಲೇ ಬೀಳುತ್ತವೆ. ಎರಡು ಇಂಚಿಗಾಗಿ ಎರಡು ಶೀಟ್ ಜಾಸ್ತಿ. ಸೂಟ್‌ಕೇಸ್ ಲಾಫ್ಟಿಗೆ ಹೋಯಿತು.

ಪ್ಲೈವುಡ್ ತರಲು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಗೆ ಹೋದೆವು. ಕೆಂಗೇರಿಯಿಂದ ಹತ್ತಿರ, ಅಂಗಡಿಗಳೂ ಸಾಲುಸಾಲು. ಅಡುಗೆಮನೆಗೆ ಐಎಸ್ 710, ಅಂದರೆ ಮರೀನ್ ಗ್ರೇಡ್. 72 ಗಂಟೆ ನೀರಲ್ಲಿ ಕುದಿಸಿ ಅಂಟು ಬಿಡುತ್ತಾ ಅಂತ ನೋಡುವ ಪರೀಕ್ಷೆ ಅದಕ್ಕಿದೆ. ಸಿಂಕ್ ಕೆಳಗೆ ಅದೇ ಇರಬೇಕು. ಬೆಡ್‌ರೂಮಿಗೆ ಅಷ್ಟು ಬೇಡ ಅಂತ ಐಎಸ್ 303ರ ಬಿಡಬ್ಲ್ಯೂಆರ್ (ಕುದಿನೀರು ತಡೆಯುವ ದರ್ಜೆ) ತಗೊಂಡೆ. ನಮಗೆ ಬಿದ್ದ ದರ 710ಕ್ಕೆ ಚದರಡಿಗೆ 125, ಇನ್ನೊಂದಕ್ಕೆ 98, ಜಿಎಸ್‌ಟಿ ಸೇರಿ. ಒಟ್ಟು 18 ಮಿ.ಮೀ. 28 ಶೀಟ್, 12ರದ್ದು ಮೂರು, 6ರದ್ದು ಏಳು. ಪ್ಲೈವುಡ್ಡಿಗೇ 1,12,672 ರೂಪಾಯಿ.

ನಮ್ಮ ಮನೆ ಮೂರನೇ ಮಹಡಿ. ಲಿಫ್ಟ್ ಇದೆ, ಆದರೆ 8 ಅಡಿ ಶೀಟ್ ಲಿಫ್ಟಿನೊಳಗೆ ನಿಲ್ಲುವುದಿಲ್ಲ. ಮೆಟ್ಟಿಲ ಮೇಲೆ ಹೊತ್ತು ತರಬೇಕು, ಶೀಟಿಗೆ 80 ರೂಪಾಯಿ. ಇದು ಯಾವ ಎಸ್ಟಿಮೇಟಿನಲ್ಲೂ ಇರುವುದಿಲ್ಲ, ನೋಡಿ. ಹೊರುತ್ತಿದ್ದ ಇಬ್ಬರಲ್ಲಿ ಒಬ್ಬ ಹುಡುಗ ಒಂದು ಶೀಟನ್ನು ಗೋಡೆಗೆ ಒರಗಿಸಿ ಬೆವರು ಒರೆಸಿಕೊಂಡು ಅಂದ: 'ಸಾರ್, ಇದೊಂದು ಹಗುರ ಐತೆ.' ನಾನು ನಕ್ಕೆ. ಹಗುರ ಇದ್ದರೆ ನಿನಗೇ ಒಳ್ಳೇದಲ್ವಾ ಅಂದೆ. ಶೀಟ್ ಮೇಲೆ ಐಎಸ್‌ಐ ಮಾರ್ಕ್ ಇತ್ತು, 303 ಅಂತ ಅಚ್ಚೂ ಇತ್ತು.

ನಾಲ್ಕನೇ ದಿನ ಆಚಾರ್ರು ಅದನ್ನು ಕೊಯ್ದರು. ಮೆಷಿನ್ ನಿಲ್ಲಿಸಿ ನನ್ನನ್ನು ಕರೆದರು. ಕೊಯ್ದ ಅಂಚಿನಲ್ಲಿ ಪದರಗಳ ನಡುವೆ ಬೆರಳುದ್ದದ ಸಂದಿ, ಒಂದಲ್ಲ, ಮೂರು ಕಡೆ. ಒಳಗಿನ ತುಂಡುಗಳನ್ನು ಜೋಡಿಸುವಾಗ ಬಿಟ್ಟ ಜಾಗ ಅದು. ಅಲ್ಲಿ ಸ್ಕ್ರೂ ಹಾಕಿದರೆ ಗಾಳಿಗೇ ಹಾಕಿದ ಹಾಗೆ. ಅಂಗಡಿಗೆ ಫೋನ್ ಮಾಡಿದೆ. 'ಕೊಯ್ದ ಶೀಟ್ ವಾಪಸ್ ತಗೊಳಲ್ಲ' ಅಂದರು. ಕೊಯ್ಯುವ ಮುಂಚೆ ಆಗಿದ್ದರೆ ಬದಲಿಸಿ ಕೊಡುತ್ತಿದ್ದರು. ಮೂರು ಸಾವಿರದ ನೂರು ರೂಪಾಯಿಯ ಹಲಗೆ ಲಾಫ್ಟಿನ ಪಟ್ಟಿಗೆ, ಅಲ್ಲಿಗೆ ಇಲ್ಲಿಗೆ ಹೋಯಿತು. ಆ ಹುಡುಗನ ಕೈ ಸರಿಯಾಗಿಯೇ ತೂಗಿತ್ತು.

ಪ್ಲೈವುಡ್ ಬಿಟ್ಟರೆ ಜೇಬಿಗೆ ಕೈ ಹಾಕುವುದು ಲ್ಯಾಮಿನೇಟ್. ಎಲ್ಲರೂ ಹೊರಗಿನ ಬಣ್ಣ ಆರಿಸಲು ನಾಲ್ಕು ದಿನ ತಗೋತಾರೆ, ನಾವೂ ತಗೊಂಡೆವು. ಆದರೆ ಹೊರಗಿನ 1 ಮಿ.ಮೀ. ಶೀಟ್ ಬೇಕಾಗಿದ್ದು ಬರೀ ಒಂಬತ್ತು, 14,850 ರೂಪಾಯಿ. ಒಳಗೆ ಅಂಟಿಸುವ 0.8 ಮಿ.ಮೀ. ಬಿಳಿ ಶೀಟ್ 36 ಬೇಕಾಯಿತು, 25,920 ರೂಪಾಯಿ. ಯಾರ ಕಣ್ಣಿಗೂ ಬೀಳದ ಬಿಳಿ ಶೀಟಿಗೇ ಜಾಸ್ತಿ. ಉಳಿಸೋಣ ಅಂತ ಬಾಗಿಲಿನ ಒಳಮೈಗೆ ಪೇಂಟ್ ಸಾಕು ಅಂದೆ. ಆಚಾರ್ರು ಒಪ್ಪಲಿಲ್ಲ. ಒಂದೇ ಕಡೆ ಲ್ಯಾಮಿನೇಟ್ ಅಂಟಿಸಿದರೆ 7 ಅಡಿ ಬಾಗಿಲು ಬಿಲ್ಲಿನ ಹಾಗೆ ಬಾಗುತ್ತದಂತೆ. ಡಬ್ಬದ ಒಳಗೆ ಬೇಕಾದರೆ ಬಿಡಿ, ಬಾಗಿಲಿಗೆ ಎರಡೂ ಕಡೆ ಹಾಕಲೇಬೇಕು ಅಂದರು. ಕೊನೆಗೆ ಎಲ್ಲ ಕಡೆಯೂ ಹಾಕಿಸಿದೆವು. ಇಷ್ಟಕ್ಕೆಲ್ಲ ಫೆವಿಕಾಲ್ 60 ಕೆಜಿ ಹೋಯಿತು ಅಂದರೆ ನಂಬುತ್ತೀರಾ? ಅದೇ 15,500.

ಹೊರಗಿನ ಲ್ಯಾಮಿನೇಟಿನಲ್ಲಿ ನನ್ನದೇ ತಪ್ಪು ಒಂದಾಯಿತು. ಎಂಟು ಸಾಕು ಅಂತ ಎಂಟೇ ತಂದೆ. ಒಂದು ಕಮ್ಮಿ ಬಿತ್ತು. ಮೂರು ವಾರದ ನಂತರ ಅದೇ ಅಂಗಡಿ, ಅದೇ ನಂಬರ್, ಆದರೆ ಬೇರೆ ಲಾಟ್. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡಿತು, ಮನೆಯ ಬೆಳಕಿನಲ್ಲಿ ಒಂದು ಛಾಯೆ ಗಾಢ. ಅದನ್ನು ಚಪ್ಪಲಿ ಗೂಡಿಗೆ ಹಾಕಿಸಿ ಬಾಗಿಲ ಹಿಂದೆ ನಿಲ್ಲಿಸಿದ್ದೇವೆ.

ಹಿಂಜ್‌ಗಳ ಲೆಕ್ಕದಲ್ಲಿ ಮಾತ್ರ ಸ್ವಲ್ಪ ಜಾಣತನ ತೋರಿಸಿದೆ ಅನ್ನಬಹುದು. 7 ಅಡಿ ಬಾಗಿಲಿಗೆ ನಾಲ್ಕು ಹಿಂಜ್. ಹಾಗೆ ಎಣಿಸುತ್ತಾ ಹೋದರೆ ಮನೆಗೆಲ್ಲ 102. ಎಲ್ಲಕ್ಕೂ ಸಾಫ್ಟ್‌ಕ್ಲೋಸ್ ಹಾಕಿಸಿ ಅಂದರು ಅಂಗಡಿಯವರು. ವರ್ಷಕ್ಕೆ ಎರಡು ಸಲ ದೀಪಾವಳಿಗೆ, ಯುಗಾದಿಗೆ ತೆಗೆಯುವ ಅಟ್ಟದ ಬಾಗಿಲು ಮೆತ್ತಗೆ ಮುಚ್ಚಿದರೆಷ್ಟು, ಧಡ್ ಅಂದರೆಷ್ಟು? ಅಟ್ಟ, ಲಾಫ್ಟಿಗೆಲ್ಲ 55 ರೂಪಾಯಿಯ ಮಾಮೂಲಿ ಹಿಂಜ್ 32, ಉಳಿದ 70 ಕಡೆ 135ರದ್ದು. ಅಡುಗೆಮನೆಗೆ ಮಾತ್ರ ಕೈ ಬಿಚ್ಚಿದೆವು. ಮೂರು ಟ್ಯಾಂಡೆಮ್ ಡ್ರಾಯರ್ (ರೆಡಿಮೇಡ್ ಬರುವ, ಸಲೀಸಾಗಿ ಜಾರುವ ಡ್ರಾಯರ್), ತಲಾ 4,200. ದಿನಕ್ಕೆ ಐವತ್ತು ಸಲ ಎಳೆಯುವ ಜಾಗ ಅದು. ಹ್ಯಾಂಡಲ್, ಬೀಗ, ಚಾನೆಲ್, ಅಂಚಿನ ಪಟ್ಟಿ, ಸ್ಕ್ರೂ, ಉಜ್ಜುವ ಕಾಗದ, ಗಾಡಿ ಬಾಡಿಗೆ, ಎಲ್ಲ ಸೇರಿ ಸಾಮಾನಿನ ಖರ್ಚು 2,22,062ಕ್ಕೆ ನಿಂತಿತು.

ದಿನದ ಲೆಕ್ಕ ಮಾತ್ರ ಪೂರ್ತಿ ತಪ್ಪಿತು. ಇಪ್ಪತ್ತು ದಿನ ಅಂದವರು 41 ದಿನ ತಗೊಂಡರು. ತಪ್ಪು ಅವರದ್ದಷ್ಟೇ ಅಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಮಾತ್ರ ಮೆಷಿನ್, ಭಾನುವಾರ ಸದ್ದಿಲ್ಲ ಅಂತ ಅಸೋಸಿಯೇಷನ್ ರೂಲು. ನಡುವೆ ಅವರ ಊರಲ್ಲಿ ಒಂದು ಮದುವೆ. ಆಮೇಲೆ ಚಿಕ್ಕ ಬೆಡ್‌ರೂಮಿನ ಗೋಡೆ. ಕೆಳಗೆ ಅಳೆದಾಗ ಸರಿಯಾಗಿ 6 ಅಡಿ ಇತ್ತು. ಡಬ್ಬ ತಯಾರಾಗಿ ಒಳಗೆ ತಳ್ಳಿದರೆ ಅರ್ಧಕ್ಕೆ ಸಿಕ್ಕಿಕೊಂಡಿತು. ಮೇಲೆ ಮುಕ್ಕಾಲು ಇಂಚು ಕಮ್ಮಿ, ಗೋಡೆಯೇ ವಾಲಿತ್ತು. ಎರಡು ದಿನ ಬಿಚ್ಚಿ ಕೊಯ್ದು ಮತ್ತೆ ಜೋಡಿಸುವುದರಲ್ಲಿ ಹೋಯಿತು. ಅಲ್ಲಿಂದ ಮುಂದೆ ಆಚಾರ್ರು ಪ್ರತಿ ಗೋಡೆಯನ್ನೂ ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆದು ಚಿಕ್ಕ ಅಳತೆಗೆ ಡಬ್ಬ ಮಾಡಿದರು. ಉಳಿದ ಸಂದಿಗೆ ಪಟ್ಟಿ ಹೊಡೆದರು.

ಕೂಲಿ ವಾರವಾರ ಕೊಟ್ಟೆ, ಆಗಿರುವ ಕೆಲಸಕ್ಕೆ ತಕ್ಕಷ್ಟು. ಕೊನೆಯ ಹತ್ತು ಸಾವಿರ ಹಿಡಿದಿಟ್ಟುಕೊಂಡಿದ್ದೆ. ಗೃಹಪ್ರವೇಶವಾಗಿ ತಿಂಗಳಾದ ಮೇಲೆ ಬಂದು, ಇಳಿದಿದ್ದ ಬಾಗಿಲುಗಳ ಹಿಂಜ್ ಸ್ಕ್ರೂ ತಿರುಗಿಸಿ ಸಂದಿ ಸಮ ಮಾಡಿ ತಗೊಂಡು ಹೋದರು. ಉಳಿದ ತುಂಡುಗಳಲ್ಲಿ ಅಮ್ಮನಿಗೆ ಕೂರಲು ಎರಡು ಮಣೆ ಮಾಡಿಕೊಟ್ಟರು. ಅದಕ್ಕೆ ದುಡ್ಡು ಮುಟ್ಟಲಿಲ್ಲ. ಒಟ್ಟು ಕೂಲಿ 85,010. ಸಾಮಾನು ಸೇರಿ 3,07,072.

ಕಳೆದ ತಿಂಗಳು ಎದುರು ಮನೆಗೆ ಹೊಸಬರು ಬಂದರು. ನಮ್ಮ ವಾರ್ಡ್‌ರೋಬಿನ ಬಾಗಿಲು ತೆಗೆದು ಮುಚ್ಚಿ ನೋಡಿ, ಎಲ್ಲರೂ ಕೇಳುವುದನ್ನೇ ಕೇಳಿದರು: 'ಚದರಡಿಗೆ ಎಷ್ಟು ಬಿತ್ತು ಸಾರ್?'

'1,459' ಅಂದೆ.

'ಅಯ್ಯೋ, ನಮಗೆ ಕಂಟ್ರಾಕ್ಟರ್ 1,450 ಹೇಳಿದ್ದಾರೆ. ಸುಮ್ನೆ ಇಷ್ಟೆಲ್ಲ ಒದ್ದಾಡಿದಿರಲ್ಲ!'

ನಾನು ವಾದ ಮಾಡಲಿಲ್ಲ. ಒಳಗಿನಿಂದ ಡೈರಿ ತಂದು ಕೊಟ್ಟೆ. ಅವರು ಎರಡು ಪುಟ ತಿರುವಿದರು. '36 ಶೀಟ್ ಬಿಳಿ ಲ್ಯಾಮಿನೇಟ್ ಅಂದ್ರೆ ಏನಿದು?' ಅಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನ್ ತೆಗೆದು ಎಲ್ಲ ಪುಟಗಳ ಫೋಟೋ ತಗೊಂಡರು. 41 ದಿನದ ಟೀ, ಬನ್ನಿನ ಖರ್ಚು ಅದರಲ್ಲಿ ಬರೆದಿಲ್ಲ, ಅದನ್ನೂ ಸೇರಿಸಿಕೊಳ್ಳಿ ಅಂತ ಬಾಗಿಲವರೆಗೂ ಹೋಗಿ ನೆನಪಿಸಿದೆ.