ಸ್ವರಾತ್ಮವನ್ನು ಮತ್ತೆ ಎದುರಿಗೆ ನಿಂತು ಕೇಳಿದ್ದು

ವಾಸು ದೀಕ್ಷಿತ್ ಹಾಡುವುದನ್ನು ಮೊದಲ ಸಲ ಎದುರಿಗೆ ಕೇಳಿದ್ದು ಕಾಲೇಜಿನಲ್ಲಿದ್ದಾಗ. 2009ರಲ್ಲಿ ಅವರ ಬ್ಯಾಂಡ್ ಸ್ವರಾತ್ಮದ ಮೊದಲ ಆಲ್ಬಂ ಬಂದ ಹೊಸತು. ಹಿಂದಿ ಹಾಡುಗಳ ನಡುವೆ ಅದರಲ್ಲಿ ‘ಈ ಭೂಮಿ’ ಅಂತ ಕನ್ನಡದ ಹಾಡೊಂದಿತ್ತು. ಗಿಟಾರ್, ಡ್ರಮ್ಸ್ ಜೊತೆಗೆ ನಮ್ಮ ಮಾತು ಇಷ್ಟು ಚೆನ್ನಾಗಿ ಕೂರುತ್ತೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಆಮೇಲೆ ಕೆಲಸ, ಮದುವೆ, ಮಗು. ಹಾಡುಗಳು ಇಯರ್‌ಫೋನ್‌ನಲ್ಲೇ ಉಳಿದವು.

ಈ ಸಲ ಬೆಂಗಳೂರಿನಲ್ಲಿ ಶೋ ಇದೆ ಅಂದಕೂಡಲೇ ಚಿಕ್ಕಮ್ಮನ ಮಗಳನ್ನೂ ಹೊರಡಿಸಿದೆ. ತುಮಕೂರಿನವರಿಗೆ ಟಿಕೆಟ್ ಸಿಗುವುದಕ್ಕಿಂತ ಹೋಗಿ ಬರುವುದೇ ದೊಡ್ಡ ಯೋಚನೆ, ಅಲ್ವಾ? ದೂರ ಬರೀ 70 ಕಿಲೋಮೀಟರ್. ಆದರೆ ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ಜೀವ ಹೈರಾಣ. ಈಗ ಆ ಕಷ್ಟ ತಪ್ಪಿದೆ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ನಾಗಸಂದ್ರದಿಂದ ಮಾದಾವರದವರೆಗೆ ಬಂತು. ಬಸ್ಸಿನಿಂದ ಮಾದಾವರದಲ್ಲೇ ಇಳಿದು ಮೆಟ್ರೊ ಹತ್ತಿದೆವು. ಜಯನಗರದವರೆಗೂ ಎಲ್ಲೂ ಬದಲಾಯಿಸಬೇಕಾಗಿಲ್ಲ.

ಹಾಲ್‌ನೊಳಗೆ ಎಲ್ಲರೂ ಸ್ಟೇಜ್ ಹತ್ತಿರ ನುಗ್ಗಿದರು. ನಾನು ತಂಗಿಯನ್ನು ಹಿಂದಕ್ಕೆ, ಸೌಂಡ್ ಮಿಕ್ಸರ್ ಇಟ್ಟಿರುವ ಕಡೆಗೆ ಕರೆದುಕೊಂಡು ಹೋದೆ. ತೀರಾ ಮುಂದೆ ನಿಂತರೆ ಡ್ರಮ್ಸ್ ಸದ್ದು ನೇರವಾಗಿ ಕಿವಿಗೆ ಬಡಿಯುತ್ತೆ. ಹಾಡುವವರ ದನಿ ಮಾತ್ರ ಅಕ್ಕಪಕ್ಕದ ಸ್ಪೀಕರ್‌ಗಳಿಂದ ನಮ್ಮ ತಲೆ ಮೇಲೆ ಹಾದು ಹೋಗಿಬಿಡುತ್ತೆ. ಮಿಕ್ಸರ್ ಮುಂದೆ ಕೂತವರು ತಮ್ಮ ಕಿವಿಗೆ ಕೇಳಿದ ಹಾಗೆ ತಾನೇ ಸದ್ದು ಹೊಂದಿಸುವುದು? ಹಾಗಾಗಿ ಅವರ ಪಕ್ಕದ ಜಾಗಕ್ಕೆ ಸಮನಾದದ್ದಿಲ್ಲ. ಮುಖ ಚಿಕ್ಕದಾಗಿ ಕಂಡರೂ ಪರವಾಗಿಲ್ಲ, ಒಂದೊಂದು ಪದವೂ ಬಿಡಿಸಿಟ್ಟಂತೆ ಕೇಳುತ್ತೆ.

‘ಈ ಭೂಮಿ’ ಶುರುವಾದಾಗ ತಂಗಿ ಕಿವಿಯ ಹತ್ತಿರ ಬಂದು, “ಅಕ್ಕಾ, ಇದು ನೀನು ಕೇಳಿಸಿದ್ದ ಹಾಡೇನಾ?” ಅಂದಳು. ಅದೇ ಹಾಡು. ಆದರೆ ಒಂದು ಸಾಲನ್ನು ಎಳೆದು ನಿಲ್ಲಿಸಿದರು. ಗಿಟಾರ್ ಪೂರ್ತಿ ಸುಮ್ಮನಾಯಿತು. ತಾಳ ಮಾತ್ರ ಮೆಲ್ಲಗೆ ನಡೀತಾ ಇತ್ತು. ಅದರ ಮೇಲೆ ಪಿಟೀಲು ಬಂತು, ಮೊದಲು ಒಂದೇ ಸ್ವರ, ಆಮೇಲೆ ಅದನ್ನೇ ಸುತ್ತಿ ಸುತ್ತಿ ಮೇಲಕ್ಕೆ. ಇಷ್ಟು ವರ್ಷ ಇಯರ್‌ಫೋನ್‌ನಲ್ಲಿ ಗಿಟಾರ್ ಹಿಂದೆ ಮರೆಯಾಗಿದ್ದ ಪಿಟೀಲು ಅದು. ಕೊನೆಗೆ ತಗ್ಗಿನ ಸ್ವರ ನುಡಿಸುವ ಬೇಸ್ ಗಿಟಾರ್ ಸೇರಿಕೊಂಡಾಗ ಕಾಲ ಕೆಳಗಿನ ನೆಲವೇ ಅದುರಿತು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಫೋನ್ ಬ್ಯಾಗಿನಿಂದ ಹೊರಗೆ ತೆಗೆಯಲೇ ಇಲ್ಲ. ಆ ಬೇಸ್ ಫೋನಿನ ಚಿಕ್ಕ ಸ್ಪೀಕರ್‌ನಲ್ಲಿ ಎಲ್ಲಿ ಕೇಳಬೇಕು!

ಇನ್ನೊಂದು ಗಮನಿಸಿದೆ. ವಾಸು ಅವರ ದನಿ ಮೊದಲಿಗಿಂತ ಕೊಂಚ ತಗ್ಗಿದೆ, ತೂಕ ಜಾಸ್ತಿಯಾಗಿದೆ. ನನಗೆ ಈ ದನಿಯೇ ಹೆಚ್ಚು ಇಷ್ಟವಾಯಿತು.

ವಾಪಸ್ ಬರುವುದಕ್ಕೆ ಮೆಜೆಸ್ಟಿಕ್‌ನಲ್ಲಿ ದಾವಣಗೆರೆ, ಹುಬ್ಬಳ್ಳಿ ಕಡೆಯ ಬಸ್ಸುಗಳು ರಾತ್ರಿ ಹೊತ್ತೂ ಸಿಗುತ್ತವೆ. ಹತ್ತುವ ಮುಂಚೆ “ತುಮಕೂರು ಊರೊಳಗೆ ಹೋಗುತ್ತಾ?” ಅಂತ ಕಂಡಕ್ಟರ್‌ನ ಕೇಳಿಕೊಳ್ಳಿ. ಇಲ್ಲದಿದ್ದರೆ ಕ್ಯಾತಸಂದ್ರದ ಹತ್ತಿರ ಹೈವೇಯಲ್ಲೇ ಇಳಿಸುತ್ತಾರೆ. ನಮ್ಮನೆಯವರು ಅಲ್ಲಿಗೇ ಸ್ಕೂಟರ್ ತಂದಿದ್ದರು.

ಇಂಥ ಬ್ಯಾಂಡ್ ನಮ್ಮ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೇ ಒಮ್ಮೆ ಹಾಡಬೇಕು ಅನ್ನೋದು ನನ್ನ ಆಸೆ. ಕಾಲೇಜು ಗೆಳತಿಯರ ಹತ್ತಿರ ಮಾತು ಶುರು ಮಾಡಿದ್ದೇನೆ.