ಆಕ್ಸಾನಿನೊಳಗೆ ಮೈಟೊಕಾಂಡ್ರಿಯಾ ಓಡಾಟ ಅಳೆಯುವ ಕ್ರಮ

ನರಕೋಶದಿಂದ ಹೊರಡುವ ಉದ್ದನೆಯ ಎಳೆಯೇ ಆಕ್ಸಾನ್; ಅದರೊಳಗೆ ಓಡಾಡುವ ಮೈಟೊಕಾಂಡ್ರಿಯಾ ಕೋಶಕ್ಕೆ ಶಕ್ತಿ ಒದಗಿಸುವ ಕಣಗಳು. ಇಲಿ ಭ್ರೂಣದ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್‌ನಿಂದ ತೆಗೆದು ಗಾಜಿನ ತಳದ ಡಿಶ್‌ನಲ್ಲಿ ಬೆಳೆಸಿದ ನರಕೋಶಗಳು 7ರಿಂದ 10ನೇ ದಿನದ ಹೊತ್ತಿಗೆ ಈ ಕೆಲಸಕ್ಕೆ ಹದವಾಗಿರುತ್ತವೆ. ಮೈಟೊಕಾಂಡ್ರಿಯಾವನ್ನು ಹೊಳೆಯಿಸುವ ಮೈಟೊಟ್ರ್ಯಾಕರ್ ಬಣ್ಣ ಹಾಕಿದರೆ ಎಲ್ಲ ಕೋಶಗಳೂ ಹೊಳೆದು, ಯಾವ ಎಳೆ ಯಾರದೆಂದು ತಿಳಿಯುವುದಿಲ್ಲ. ಒಂದೆರಡು ದಿನ ಮೊದಲೇ ಮೈಟೊಕಾಂಡ್ರಿಯಾಕ್ಕೆ ಹೋಗಿ ಸೇರುವ ಕೆಂಪು ಪ್ರೋಟೀನಿನ ಡಿಎನ್‌ಎಯನ್ನು ಕೆಲವೇ ಕೋಶಗಳಿಗೆ ಸೇರಿಸುವುದು ಮೇಲು. ಇಲ್ಲಿ ಕಡಿಮೆ ಕೋಶ ಹೊಳೆದಷ್ಟೂ ಒಳ್ಳೆಯದು.

ಅದು ಆಕ್ಸಾನೇ ಎಂದು ಖಚಿತಪಡಿಸಿಕೊಳ್ಳಲು ಎಳೆಯನ್ನು ಕೋಶಕಾಯದವರೆಗೂ (ಕೋಶದ ಮುಖ್ಯ ಭಾಗ) ಹಿಂಬಾಲಿಸಿ ನೋಡಲೇಬೇಕು. ಆಕ್ಸಾನಿನಲ್ಲಿ ಸರಕು ಸಾಗುವ ಹಳಿಗಳಂತಿರುವ ಮೈಕ್ರೊಟ್ಯೂಬ್ಯೂಲ್‌ಗಳ ಪ್ಲಸ್ ತುದಿ (ವೇಗವಾಗಿ ಬೆಳೆಯುವ ತುದಿ) ಹೊರಮುಖವಾಗಿರುತ್ತದೆ. ಹಾಗಾಗಿ ಸರಕು ಎಳೆಯುವ ಮೋಟಾರ್ ಪ್ರೋಟೀನುಗಳಲ್ಲಿ ಪ್ಲಸ್ ತುದಿಯತ್ತ ನಡೆಯುವ ಕೈನೆಸಿನ್ ಸರಕನ್ನು ಆಕ್ಸಾನಿನ ತುದಿಯತ್ತ ಒಯ್ಯುತ್ತದೆ, ವಿರುದ್ಧ ದಿಕ್ಕಿಗೆ ನಡೆಯುವ ಡೈನೀನ್ ಕೋಶಕಾಯದತ್ತ ಮರಳಿ ತರುತ್ತದೆ. ಸಂಕೇತ ಪಡೆಯುವ ಗಿಡ್ಡ ಎಳೆಯಾದ ಡೆಂಡ್ರೈಟಿನಲ್ಲಿ ಎರಡೂ ದಿಕ್ಕಿನ ಟ್ಯೂಬ್ಯೂಲ್‌ಗಳಿರುವುದರಿಂದ ಈ ಲೆಕ್ಕ ಅಲ್ಲಿ ನಡೆಯದು. ಬುಡದಲ್ಲಿ ದಪ್ಪಗಿದ್ದು ಸಣ್ಣಗಾಗುತ್ತ ಹೋಗುವ ಎಳೆಯನ್ನು ಬಿಡಿ. ಉದ್ದಕ್ಕೂ ಒಂದೇ ಸಮನೆ ತೆಳ್ಳಗಿರುವುದನ್ನು ಆರಿಸಿ.

ಡಿಶ್ ಅನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು 15–20 ನಿಮಿಷ ಬಿಡಿ. ತಣ್ಣಗಾದರೆ ಮೋಟಾರ್ ಪ್ರೋಟೀನುಗಳು ನಿಧಾನವಾಗುತ್ತವೆ, ಫೋಕಸ್ ಕೂಡ ಜಾರುತ್ತದೆ. ಕಾರ್ಬನ್ ಡೈಆಕ್ಸೈಡ್ ವ್ಯವಸ್ಥೆ ಇಲ್ಲದಿದ್ದರೆ ಪಿಎಚ್ ಕಾಯುವ ಹೆಪೆಸ್ ಇರುವ ಮೀಡಿಯಂ (ಕೋಶಗಳನ್ನಿಡುವ ದ್ರವ) ಬಳಸಿ. ಇಲ್ಲವಾದರೆ ಪಿಎಚ್ ಏರುತ್ತದೆ. 2 ಸೆಕೆಂಡಿಗೊಂದರಂತೆ 5 ನಿಮಿಷ ಚಿತ್ರ ತೆಗೆಯಿರಿ, ಒಟ್ಟು 150. ಸರಕು ತುಂಬಿದ ಚಿಕ್ಕ ಪೊರೆಚೀಲಗಳಾದ ವೆಸಿಕಲ್‌ಗಳಿಗೆ ಈ ವೇಗ ಸಾಲದು, ಸೆಕೆಂಡಿಗೆ ಐದಾದರೂ ಬೇಕು.

ಬೆಳಕು ಆದಷ್ಟು ಕಡಿಮೆಯಿರಲಿ. ಬೆಳೆದ ಆಕ್ಸಾನಿನಲ್ಲಿ ಬಹುಪಾಲು ಮೈಟೊಕಾಂಡ್ರಿಯಾ ಹೇಗೂ ನಿಂತೇ ಇರುತ್ತವೆ, ಅದು ಸಹಜ. ಆದರೆ ಓಡುತ್ತಿದ್ದವು ನಡುವೆ ನಿಂತು ಗುಂಡಗಾದರೆ, ಎಳೆಯಲ್ಲಿ ಮಣಿಗಳಂಥ ಉಬ್ಬು ಕಂಡರೆ, ಮೊದಲು ಬೆಳಕಿನ ಪೆಟ್ಟನ್ನೇ ಅನುಮಾನಿಸಿ. ಆ ವಿಡಿಯೊ ಲೆಕ್ಕಕ್ಕೆ ಬೇಡ.

ಫಿಜಿ ಎಂಬ ಚಿತ್ರ ವಿಶ್ಲೇಷಣೆಯ ತಂತ್ರಾಂಶದಲ್ಲಿ ಕೋಶಕಾಯದ ಕಡೆಯಿಂದ ಶುರುಮಾಡಿ ತುದಿಯತ್ತ ಗೆರೆ ಎಳೆದು ರೀಸ್ಲೈಸ್ ಆಜ್ಞೆ ಕೊಡಿ. ಬರುವ ಕೈಮೋಗ್ರಾಫಿನಲ್ಲಿ ಅಡ್ಡಕ್ಕೆ ದೂರ, ಕೆಳಮುಖವಾಗಿ ಸಮಯ. ನೆಟ್ಟಗೆ ಇಳಿದ ಗೆರೆ ನಿಂತದ್ದು, ಬಲಕ್ಕೆ ವಾಲಿದ್ದು ತುದಿಯತ್ತ ಹೊರಟದ್ದು, ಎಡಕ್ಕೆ ವಾಲಿದ್ದು ಮರಳುತ್ತಿರುವುದು. ಎಲ್ಲ ಗೆರೆಗಳೂ ಒಟ್ಟಿಗೆ ಒಂದೇ ಕಡೆ ಬಾಗಿದ್ದರೆ ಅದು ಸಾಗಣೆಯಲ್ಲ, ಡಿಶ್ ಸರಿದಿದೆ. ಪಿಕ್ಸೆಲ್‌ಗೆ 0.1 ಮೈಕ್ರೊಮೀಟರ್ ಇದ್ದು, ಗೆರೆ 20 ಚಿತ್ರಗಳ ಅವಧಿಯಲ್ಲಿ 200 ಪಿಕ್ಸೆಲ್ ಸರಿದಿದ್ದರೆ, 40 ಸೆಕೆಂಡಿಗೆ 20 ಮೈಕ್ರೊಮೀಟರ್, ಅಂದರೆ ಸೆಕೆಂಡಿಗೆ 0.5. ನಡುವೆ ನಿಂತ ಹೊತ್ತನ್ನು ಬೇರೆಯಾಗಿಯೇ ಬರೆದಿಡಿ; ಸರಾಸರಿಗೆ ಸೇರಿಸಿದರೆ ನಿಧಾನಗತಿಯೂ ಪದೇಪದೇ ನಿಲ್ಲುವುದೂ ಒಂದೇ ಥರ ಕಾಣುತ್ತವೆ.

ಒಂದೇ ಆಕ್ಸಾನಿನ ಮೈಟೊಕಾಂಡ್ರಿಯಾಗಳನ್ನು ಪ್ರತ್ಯೇಕ ಮಾದರಿಗಳೆಂದು ಎಣಿಸಬೇಡಿ. ಆಕ್ಸಾನಿಗೊಂದು ಸರಾಸರಿ ತೆಗೆದು, ಬೇರೆ ಬೇರೆ ದಿನ ತಯಾರಿಸಿದ ಕನಿಷ್ಠ ಮೂರು ಕಲ್ಚರ್‌ಗಳ ನಡುವೆ ಹೋಲಿಸಿ.